ಹದ್ದಿನಕಲ್ಲು ಕೆರೆಯ ದೋಣಿ

ಮೆಲ್ಲಗೆ ಮಾತಾಡಿ. ಒಳಗೆ ನಮ್ಮಕ್ಕ ಮಲಗಿದ್ದಾಳೆ. ಐದು ವರ್ಷ ಆಯ್ತು, ಆದ್ರೂ ಈ ಮಾತು ಕಿವಿಗೆ ಬಿದ್ರೆ ಎದ್ದು ಕೂತ್ಕೊಂಡುಬಿಡ್ತಾಳೆ, ಆಮೇಲೆ ಬೆಳಗಾಗೋವರೆಗೂ ನಿದ್ದೆ ಇಲ್ಲ. ನೀವು ಇಷ್ಟು ಸಲ ಕೇಳಿದ್ರಿ ಅಂತ ಹೇಳ್ತೀನಿ. ಅಲ್ಲಿ ಇಲ್ಲಿ ಕೇಳಿದ್ದಲ್ಲ ಇದು. ಅರ್ಧ ನಮ್ಮ ಭಾವ ಬಾಯಿಬಿಟ್ಟು ಹೇಳಿದ್ದು. ಇನ್ನರ್ಧ ನಾನೇ ಕಂಡಿದ್ದು.

ಭಾವ ಅಂದ್ರೆ ಅಪ್ಪಯ್ಯಣ್ಣ. ನಮ್ಮಕ್ಕ ಮುನಿವೆಂಕಟಮ್ಮನ ಗಂಡ. ಅವನ ಊರು ದೊಡ್ಡಬಳ್ಳಾಪುರದಿಂದ ಆಚೆ, ಹದ್ದಿನಕಲ್ಲು ಬೆಟ್ಟದ ಬುಡದಲ್ಲಿ. ಬೆಟ್ಟಕ್ಕೆ ಅಂಟಿಕೊಂಡಂಗೆ ಕೆರೆ. ಮೂರು ಕಡೆ ಬಂಡೆ, ಒಂದು ಕಡೆ ಏರಿ. ಮಳೆಗಾಲ ಕಳೀತು ಅಂದ್ರೆ ಬೆಟ್ಟ ಪೂರ್ತಿ ಆ ನೀರಲ್ಲಿ ತಲೆಕೆಳಗಾಗಿ ನಿಂತಿರೋದು. ಸರ್ಕಾರದೋರು ಅಲ್ಲೊಂದು ಬಂಗಲೆ ಕಟ್ಟಿ, ಹೂವಿನ ತೋಟ ಮಾಡಿ, ನೀರಿಗೆ ಕಲ್ಲಿನ ಮೆಟ್ಟಿಲು ಇಳಿಸಿ, ಒಂದು ದೋಣಿ ತಂದು ಬಿಟ್ಟಿದ್ರು. ರಜಾ ಬಂತು ಅಂದ್ರೆ ಬೆಂಗಳೂರಿನ ದೊಡ್ಡೋರು ಬರೋರು. ದೋಣೀಲಿ ಸುತ್ತೋರು, ಗಾಳ ಹಾಕೋರು, ಈಜೋರು, ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚೋರು. ಅದು ಯುದ್ಧದ ಕಾಲ. ಪೆಟ್ರೋಲು ಸಿಗ್ತಿರ್ಲಿಲ್ಲ. ಇದ್ದಲು ಗ್ಯಾಸಿನ ಕಾರಲ್ಲಿ ಹೊಗೆ ಕಕ್ಕೊಂಡು ಬರೋರು... ಆದ್ರೂ ಬರೋರು.

ದೋಣಿ ನಡೆಸೋನು ನಮ್ಮ ಭಾವ. ಒಂದಿಷ್ಟು ಹೊಲ ಇತ್ತು, ಆದ್ರೆ ಅವನ ಜೀವ ಎಲ್ಲಾ ದೋಣಿ ಮೇಲೆ. ಸರ್ಕಾರದ ಕೆಲಸ, ನೋಡಿ. ಒಂದು ಖಾಕಿ ಕೋಟು ಕೊಟ್ಟಿದ್ರು. ಅದನ್ನ ಹಾಕ್ಕೊಂಡು ಸಂತೆಗೆ ಹೋದ್ರೆ ಜನ ಪಕ್ಕಕ್ಕೆ ಸರೀತಿದ್ರು. ಆ ಕೋಟು ಹೋಗಿಬಿಟ್ರೆ ತಾನು ಯಾರೂ ಅಲ್ಲ ಅಂತ ಒಳಗೊಳಗೇ ಹೆದರ್ತಿದ್ದ. ಕೆಟ್ಟ ಮನುಷ್ಯ ಅಲ್ಲ. ಹೆದರಿಕೆ ಮನುಷ್ಯ.

ಆವತ್ತು ನೀರು ತುಂಬೋ ಹಬ್ಬ. ದೀಪಾವಳಿಗೆ ಅಕ್ಕನಿಗೆ ಸೀರೆ, ಎಣ್ಣೆ, ಬೆಲ್ಲ ಕೊಡೋಕೆ ಅಂತ ನಾನು ಸಮೇತನಹಳ್ಳಿಯಿಂದ ಹೋಗಿದ್ದೆ. ಅಕ್ಕ ಬಚ್ಚಲ ಹಂಡೆ ಹುಣಸೆಹಣ್ಣಲ್ಲಿ ತಿಕ್ಕಿ, ಬಳ್ಳಿ ಸುತ್ತಿ, ನೀರು ತುಂಬಿ ಇಟ್ಟಿದ್ಲು. ಕತ್ತಲಾಯ್ತು. ಊಟದ ಹೊತ್ತು ಮೀರ್ತು. ಭಾವ ಬರ್ಲಿಲ್ಲ.

ಕೆರೆಯಿಂದ ಊರಿಗೆ ಒಂದು ಮೈಲಿ. ನಡುವೆ ಒಂದು ದೊಡ್ಡ ಆಲದ ಮರ, ಅದರ ಪಕ್ಕ ಹಳೇ ಬಾವಿ. ಸೀಮೆಎಣ್ಣೆಗೆ ಬರಗಾಲ, ಲಾಂದ್ರ ಹಿಡ್ಕೊಂಡು ಓಡಾಡೋ ಹಾಗಿಲ್ಲ. ದೋಣಿ ನಡೆಸೋ ಎರಡು ಹುಟ್ಟನ್ನೂ ಭಾವ ದಿನಾ ಹೆಗಲ ಮೇಲೆ ಹೊತ್ಕೊಂಡು ಮನೆಗೆ ತರೋನು. ಅಲ್ಲೇ ಬಿಟ್ರೆ ಯಾರಾದ್ರೂ ದೋಣಿ ಬಿಚ್ಕೊಂಡು ಹೋಗ್ತಾರೆ ಅಂತ. ಆವತ್ತು ಕೆರೆಗೆ ಒಂದು ನರಪಿಳ್ಳೆ ಬಂದಿರ್ಲಿಲ್ಲ. ದೋಣಿ ಬಿಚ್ಚೇ ಇರ್ಲಿಲ್ಲ. ಹುಟ್ಟು ಒಣಗಿದ್ವು.

ಆಲದ ಮರದ ಕೆಳಗೆ ಬಂದ. ಗಾಳಿ ಇಲ್ಲ. ಎಲೆ ಅಲ್ಲಾಡ್ತಿಲ್ಲ...

ಹಿಂದುಗಡೆ, ತೊಟ್.

ನಿಂತ. ಏನೂ ಇಲ್ಲ. ಎರಡು ಹೆಜ್ಜೆ ಇಟ್ಟ. ತೊಟ್... ತೊಟ್...

ಬಾವಿ ಕಲ್ಲಿಂದ ನೀರು ಜಿನುಗ್ತಿರಬೇಕು ಅಂದ್ಕೊಂಡ. ಬಾವಿ ದಾಟಿದ. ಸದ್ದು ಬಾವಿ ಹತ್ರ ನಿಲ್ಲಲಿಲ್ಲ, ಇವನ ಹಿಂದೇನೇ ಬಂತು. ಆಮೇಲೆ ಹುಟ್ಟಿನ ಹಿಂದಿನ ತುದಿ ತಗ್ಗಿತು. ನೆಂದ ಸೀರೆ ನೇತುಹಾಕಿದಂಗೆ ಮೊದಲು... ಆಮೇಲೆ ಇನ್ನೂ ಭಾರ. ಮುಂದಿನ ತುದಿ ಮುಖದ ಮುಂದೆ ಮೇಲಕ್ಕೆ ಎದ್ದುಬಿಡ್ತು. ಎರಡೂ ಕೈಲಿ ಅದನ್ನ ಒತ್ತಿ ಹಿಡ್ಕೊಂಡು, ಹಲ್ಲು ಕಚ್ಚಿ ನಡೆದ. ತಿರುಗಿ ನೋಡ್ಲಿಲ್ಲ.

"ಯಾಕೆ ನೋಡ್ಲಿಲ್ಲ ಭಾವ?" ಅಂತ ಆಮೇಲೆ ಒಂದ್ಸಲ ಕೇಳಿದ್ದೆ.

"ಯಾರು ಅಂತ ಗೊತ್ತಿತ್ತು ಕಣೋ," ಅಂದ.

ಬಾಗಿಲು ತೆಗೆದಿದ್ದು ಅಕ್ಕ. ಕೈಲಿ ಹರಳೆಣ್ಣೆ ದೀಪ. ಅವಳ ಹಿಂದೆ ನಾನು.

"ಯಾರಾದ್ರೂ ಬಂದಿದ್ರಾ ಕೆರೆಗೆ?" ಅಂದ್ಲು.

"ಇಲ್ಲ."

"ಮತ್ತೆ ಇದ್ಯಾಕೆ ಹಿಂಗೆ ಸುರೀತದೆ?"

ನೋಡಿದೆ. ಎರಡು ಹುಟ್ಟಲ್ಲಿ ಒಂದು ಒಣಗಿತ್ತು. ಇನ್ನೊಂದರ ಅಗಲದ ತುದಿಯಿಂದ ನೀರು ತೊಟ್ಟಿಕ್ತಾ ಇತ್ತು. ಕೆರೆ ತಳದ ಕೆಸರಿನ ವಾಸನೆ. ಬೀದಿ ಧೂಳಲ್ಲಿ, ದೀಪದ ಬೆಳಕು ಹೋಗೋವಷ್ಟು ದೂರ, ಹನಿ ಬಿದ್ದ ಗುರುತು... ಒಂದರ ಹಿಂದೆ ಒಂದು. ಭಾವ ಹುಟ್ಟನ್ನ ಒಳಕ್ಕೆ ತರ್ಲಿಲ್ಲ. ಗೋಡೆಗೆ ಒರಗಿಸಿ, ಊಟ ಬೇಡ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದ. ರಾತ್ರಿ ಎಲ್ಲಾ ಅವನ ಹಲ್ಲು ಕಟಕಟ ಅನ್ನೋದು ನನಗೆ ಕೇಳಿಸ್ತಾ ಇತ್ತು.

ಬೆಳಗ್ಗೆ ಎಣ್ಣೆ ಸ್ನಾನ. ಅಕ್ಕ ಎಷ್ಟು ಹೇಳಿದ್ರೂ ಅವನು ತಲೆ ಮೇಲೆ ನೀರು ಹಾಕಿಸ್ಕೊಳ್ಲಿಲ್ಲ. ಅಷ್ಟರಲ್ಲಿ ಬಂಗಲೆಯಿಂದ ಕರೆ ಬಂತು. ಕಂಟ್ರಾಕ್ಟರ್ ವೆಂಕಟರಾಯಪ್ಪ ಬಂದವ್ರೆ, ದೋಣಿ ಬೇಕಂತೆ. ಈ ವೆಂಕಟರಾಯಪ್ಪ ಮಿಲಿಟರಿಗೆ ಜಲ್ಲಿಕಲ್ಲು ಒದಗಿಸೋ ಆಸಾಮಿ. ಬೆಂಗಳೂರಿನ ದೊಡ್ಡೋರನ್ನ ಕರ್ಕೊಂಡು ಬಂದು ಮೀನು ಹಿಡಿಸಿ ಖುಷಿಪಡಿಸೋದು ಅವನ ಅಭ್ಯಾಸ.

"ಹನುಮಂತೂ, ನೀನೂ ಬಾರೋ," ಅಂದ ಭಾವ. "ಒಬ್ನೇ ಹೋಗಲ್ಲ ನಾನು."

ಹೋದೆ. ಬೆಟ್ಟದಿಂದ ಮಂಜು ನೀರ ಮೇಲಕ್ಕೆ ಇಳಿದಿತ್ತು. ಮೆಟ್ಟಿಲಿಗೆ ಕಟ್ಟಿದ ದೋಣಿ ಖಾಲಿ. ಆದ್ರೆ ಹಿಂದಿನ ತುದಿ ನೀರಿಗೆ ತಗ್ಗಿತ್ತು. ಯಾರೋ ಕೂತಿದ್ದಂಗೆ.

"ನೀರು ನುಗ್ಗಿದೆಯಾ ಭಾವ?" ಅಂತ ಬಗ್ಗಿ ನೋಡಿದೆ. ಒಳಗೆ ಒಂದು ತೊಟ್ಟು ನೀರಿರ್ಲಿಲ್ಲ.

ಅವನು ಆ ತುದಿ ಕಡೆ ನೋಡದೆ ಹಗ್ಗ ಬಿಚ್ಚಿದ.

ವೆಂಕಟರಾಯಪ್ಪ, ಅವನ ಸ್ನೇಹಿತ ಒಬ್ಬ, ಭಾವ, ನಾನು. ನಾಲ್ಕು ಜನ ಕೂತ್ವಿ. ಭಾವ ಹುಟ್ಟು ಹಾಕಿದ. ಕಿರ್ರ್... ಚಪ್. ಕಿರ್ರ್... ಚಪ್. ಎಡಗಡೆ ಹುಟ್ಟು ಸಲೀಸಾಗಿ ಏಳ್ತಿತ್ತು. ಬಲಗಡೇದು ನೀರಿಂದ ಮೇಲಕ್ಕೆ ಬರೋಕೇ ಒಲ್ಲೆ ಅಂತಿತ್ತು. ದೋಣಿ ತಾನಾಗೇ ತಿರುಗಿ, ಬಂಡೆ ಕೆಳಗಿನ ತಾವರೆ ಬೆಳೆದ ಜಾಗಕ್ಕೆ ಹೊರಟಿತು.

"ಏನಯ್ಯಾ, ಆ ಕಡೆ ಯಾಕೆ?" ಅಂದ ವೆಂಕಟರಾಯಪ್ಪ. "ದಂಟಿಗೆಲ್ಲ ಗಾಳ ಸಿಕ್ಕಿಕೊಳ್ಳುತ್ತೆ."

ಆಗ ಕೇಳಿಸ್ತು. ನಮ್ಮ ಕಾಲ ಕೆಳಗೆ. ಹಲಗೆಯ ಆಚೆ ಕಡೆಯಿಂದ.

ಟಕ್... ಟಕ್... ಟಕ್.

ಬಾಗಿಲು ತಟ್ಟಿದಂಗೆ. ಬೆರಳ ಗೆಣ್ಣಿಂದ, ಮೆಲ್ಲಗೆ.

"ಆಮೆ ಇರಬೇಕು," ಅಂತ ಆ ಸ್ನೇಹಿತ ನಕ್ಕ. ವೆಂಕಟರಾಯಪ್ಪನೂ ನಕ್ಕು, ಭಾವನ ಕಡೆ ಬಗ್ಗಿ, "ಗಾಳ ಯಾಕಯ್ಯಾ, ಹೋದ ಸಲದಂಗೆ ಒಂದು ತೋಟೆ ಬಿಡು, ಕೆಲಸ ಬೇಗ ಆಗುತ್ತೆ," ಅಂದ.

ಸದ್ದು ನಿಂತಿತು. ಗಾಳಿ ಇಲ್ಲದ ಹೊತ್ತಲ್ಲಿ, ಸುತ್ತ ಇದ್ದ ತಾವರೆ ಎಲೆಗಳೆಲ್ಲ ಒಂದೇ ಸಲ ಅಂಚು ಎತ್ತಿದ್ವು... ಮತ್ತೆ ಮಲಗಿದ್ವು. ಭಾವ ಹುಟ್ಟು ಕೈಬಿಟ್ಟು ಮುಖ ಮುಚ್ಕೊಂಡ. ನಾನೇ ಎದ್ದು ಹುಟ್ಟು ಹಿಡಿದೆ. ಗಾಡಿ ಹೊಡೆಯೋ ಕೈ ನಂದು, ಗಟ್ಟಿ ಕೈ. ಆದ್ರೂ ಮೆಟ್ಟಿಲು ಮುಟ್ಟೋ ಹೊತ್ತಿಗೆ ಅಂಗೈ ಸುಲಿದು ರಕ್ತ ಬಂದಿತ್ತು. "ನಿನಗೆ ಈ ಕೆಲಸದ ಮೇಲೆ ಆಸೆ ಇಲ್ವೇನಯ್ಯಾ?" ಅಂತ ಬೈಕೊಂಡು ವೆಂಕಟರಾಯಪ್ಪ ಕಾರು ಹತ್ತಿದ.

ಮೆಟ್ಟಿಲ ಮೇಲೆ ನಾವಿಬ್ರೇ ಉಳಿದ್ವಿ.

"ತೋಟೆ ಅಂದ್ನಲ್ಲ, ಏನದು?" ಅಂದೆ.

ಪಿಸುಮಾತಲ್ಲಿ ಶುರುಮಾಡಿದ.

ಆಯುಧಪೂಜೆ ಕಳೆದ ಮೂರನೇ ದಿನ. ವೆಂಕಟರಾಯಪ್ಪ ಮೂರು ಜನ ಅತಿಥಿಗಳನ್ನ ಕರ್ಕೊಂಡು ಬಂದಿದ್ದ. ಬೆಳಗ್ಗೆಯಿಂದ ಗಾಳ ಹಾಕಿದ್ರೂ ಒಂದು ಮೀನಿಲ್ಲ. ಅವನಿಗೆ ಮರ್ಯಾದೆ ಪ್ರಶ್ನೆ. ಕಾರಿಂದ ಬಂಡೆ ಸಿಡಿಸೋ ಮದ್ದಿನ ತೋಟೆ ಒಂದು ತಂದು ಭಾವನ ಕೈಗಿಟ್ಟ. "ನಿನಗೆ ಮೀನಿರೋ ಜಾಗ ಗೊತ್ತು. ಹೋಗಿ ಹಾಕು." ಅದು ಮಾಡಬಾರದ ಕೆಲಸ, ಸಿಕ್ಕಿಬಿದ್ರೆ ಜೈಲು ಅಂತ ಇವನಿಗೂ ಗೊತ್ತು. ಆಗಲ್ಲ ಅಂದ. "ಹಾಗಾದ್ರೆ ಬೇರೆ ದೋಣಿಯೋನ್ನ ನೋಡ್ಕೊಳ್ಳೋಕೆ ಹೇಳ್ತೀನಿ ಸಾಹೇಬರಿಗೆ," ಅಂದ ಆಯಪ್ಪ.

ಭಾವ ಒಬ್ನೇ ದೋಣೀಲಿ ಹೋದ. ಬತ್ತಿ ಹಚ್ಚಿ ತಾವರೆ ಅಂಚಿಗೆ ಎಸೆದು ದೂರ ಸರಿದ. ಗುಡುಂ... ನೀರಿನ ಒಳಗಿಂದಲೇ ಬಂತು ಸದ್ದು. ಬೆಟ್ಟ ಅದನ್ನ ಎರಡು ಸಲ ತಿರುಗಿಸಿ ಹೇಳ್ತು. ಬಾಳೆಮೀನು, ಕೊರವ, ಹೊಟ್ಟೆ ಮೇಲೆ ಮಾಡ್ಕೊಂಡು ಬೆಳ್ಳಗೆ ತೇಲಿ ಬಂದ್ವು. ಬಾಚಿಕೊಳ್ಳೋಕೆ ಹತ್ರ ಹೋದ.

ಎಲೆಗಳ ನಡುವೆ ದ್ಯಾವಮ್ಮ ಇದ್ಲು.

ದ್ಯಾವಮ್ಮ ಅದೇ ಊರೋಳು. ಗಂಡ ತೀರ್ಕೊಂಡಿದ್ದ. ಒಬ್ಳೇ ಮಗಳು ಮುನಿರತ್ನಮ್ಮ, ಪಕ್ಕದ ಬೀದೀಲೇ ಸಂಸಾರ. ಕತ್ತಿನವರೆಗೂ ನೀರಲ್ಲಿ ನಿಂತು ತಾವರೆ ಎಲೆ ಕುಯ್ದು, ದೊಡ್ಡಬಳ್ಳಾಪುರದ ಹೂವಿನೋರಿಗೆ ಹೂ ಸುತ್ತೋಕೆ ಕೊಟ್ಟು ಬದುಕ್ತಿದ್ಲು. ಎಲೆ ಮರೇಲಿ ಇದ್ದೋಳನ್ನ ಇವನು ನೋಡಿರ್ಲಿಲ್ಲ.

"ಕಿವಿಯಿಂದ ರಕ್ತ ಬರ್ತಿತ್ತು," ಅಂದ ಭಾವ. "ಕಣ್ಣು ಬಿಟ್ಟಿದ್ಲು. ತುಟಿ ಆಡಿಸಿದ್ಲು, ಸದ್ದು ಬರ್ಲಿಲ್ಲ. ಕೈ ಚಾಚಿ ಹುಟ್ಟು ಹಿಡ್ಕೊಂಡ್ಲು. ಎರಡೂ ಕೈಲಿ."

"ಎಳ್ಕೊಳ್ಲಿಲ್ವಾ?"

"ಮೆಟ್ಟಿಲ ಮೇಲಿಂದ ಆಯಪ್ಪ ಕೂಗ್ದ, ಎಷ್ಟು ಸಿಕ್ತಯ್ಯಾ ಅಂತ. ಇವಳನ್ನ ದೋಣಿಗೆ ಹಾಕ್ಕೊಂಡ್ರೆ ಪೋಲೀಸು, ಜೈಲು... ಎಲ್ಲಾ ಕಣ್ಣ ಮುಂದೆ ಬಂತು. ಹುಟ್ಟು ತಿರುವಿದೆ. ಒಂದೇ ಸಲ. ಕೈ ಬಿಟ್ಟುಹೋಯ್ತು."

"ಸತ್ತಿದ್ಲಾ ಅಷ್ಟೊತ್ತಿಗೆ?"

"ಇಲ್ಲ," ಅಂದ. "ನನ್ನೇ ನೋಡ್ತಾ ಒಳಕ್ಕೆ ಹೋದ್ಲು."

ಕೆಳಗೆ ತಾವರೆ ಬೇರು ಬಲೆ ಹೆಣೆದಂಗೆ ಇದೆ. ಹೆಣ ಮೇಲೆ ಬರ್ಲಿಲ್ಲ. ಮೂರು ದಿನ ಆದ ಮೇಲೆ ಮುನಿರತ್ನಮ್ಮ ಕೆರೆಗೆ ಬಂದು, "ಅಣ್ಣಾ, ನಮ್ಮವ್ವನ್ನ ಏನಾದ್ರೂ ನೋಡಿದ್ಯಾ?" ಅಂತ ಇವನನ್ನೇ ಕೇಳಿದ್ಲು. ಇವನು, "ಆವತಿ ದಾರೀಲಿ ಹೋಗ್ತಿದ್ಲಲ್ಲಮ್ಮ, ಗಂಟು ಹೊತ್ಕೊಂಡು," ಅಂದ. ಆವತೀಲಿ ದ್ಯಾವಮ್ಮನ ತಂಗಿ ಮನೆ ಇತ್ತು. ಹೋದ್ರೆ ವಾರಗಟ್ಟಲೆ ಇದ್ದು ಬರೋಳು. ಮಗಳು ನಂಬಿ ಮನೆಗೆ ಹೋದ್ಲು.

ಅವನನ್ನ ಎಬ್ಬಿಸಿ ಮನೆಗೆ ಕರ್ಕೊಂಡು ಬಂದೆ. ಅಕ್ಕ ಒಲೆ ಮುಂದೆ ಇದ್ಲು. ಅವನು ಬಾಗಿಲಲ್ಲೇ ನಿಂತು ಎಲ್ಲಾ ಹೇಳ್ದ, ಒಂದೂ ಮುಚ್ಚಿಡದೆ. ಅವಳು ಕೂಗಾಡ್ಲಿಲ್ಲ. ಎದ್ದು ಹೋಗಿ ಗೂಟದಿಂದ ಆ ಖಾಕಿ ಕೋಟು ತೆಗೆದು ಅವನ ಎದೆಗೆ ಎಸೆದ್ಲು.

"ಇದನ್ನ ಹಾಕ್ಕೊಂಡು ಹೋಗಿ ಹೇಳು ಅವಳ ಮಗಳಿಗೆ," ಅಂದ್ಲು. "ಇದಕ್ಕೆ ತಾನೇ ನೀನು ಮಾಡಿದ್ದು."

ಮುನಿರತ್ನಮ್ಮ ಹೊಸ್ತಿಲ ಮೇಲೆ ಕೂತಿದ್ಲು. ಹಬ್ಬಕ್ಕೆ ಅವ್ವನ್ನ ಕರ್ಕೊಂಡು ಬರೋಕೆ ಗಂಡನ್ನ ಆವತಿಗೆ ಕಳ್ಸಿದ್ಲಂತೆ. ಅವನು ಆಗಷ್ಟೇ ಬರಿಗೈಲಿ ತಿರುಗಿ ಬಂದಿದ್ದ. ದ್ಯಾವಮ್ಮ ಆವತಿಗೆ ಹೋಗೇ ಇರ್ಲಿಲ್ಲ. ನಮ್ಮನ್ನ ನೋಡಿದ್ದೇ ಎದ್ದು ನಿಂತ್ಲು. ಮನಸ್ಸಿಗೆ ತಿಳೀತೋ ಏನೋ.

ಭಾವ ಕೋಟು ಹಾಕ್ಕೊಂಡೇ ಅವಳ ಕಾಲ ಮುಂದೆ ಕೂತ. ಹೇಳ್ದ. ಅವಳ ಗಂಡ ಇವನ ಕುತ್ತಿಗೆಗೆ ಕೈ ಹಾಕಿದ. ಅವಳು ಬಿಡಿಸಿದ್ಲು.

"ಎಲ್ಲಿ?" ಅಂದ್ಲು.

"ತಾವರೆ ಹತ್ರ, ಬಂಡೆ ಕೆಳಗೆ."

"ತಪ್ಪಾಯ್ತು ಅಂತ ನನ್ನ ಕೇಳಬ್ಯಾಡ. ಅವಳು ನೀರಲ್ಲವಳೆ. ಅವಳನ್ನೇ ಕೇಳು."

ಪಟೇಲರಿಗೆ ಸುದ್ದಿ ಹೋಯ್ತು. ಪೋಲೀಸರಿಗೆ ಆಳು ಓಡಿಸಿದ್ರು. ಅವರು ಬರೋದು ಬೆಳಗ್ಗೆ, ಅಲ್ಲಿತನಕ ಯಾರೂ ನೀರಿಗೆ ಇಳೀಬ್ಯಾಡಿ ಅಂದ್ರು. ಮುನಿರತ್ನಮ್ಮ ಕೇಳ್ಲಿಲ್ಲ. "ಹದಿನೇಳು ದಿನ ಆಯ್ತು ನಮ್ಮವ್ವ ತಣ್ಣೀರಲ್ಲಿ ಮಲಗಿ. ಇನ್ನೊಂದು ರಾತ್ರಿ ಬಿಡಲ್ಲ," ಅಂತ ಒಂದು ಒಣ ಸೀರೆ ಕಂಕುಳಲ್ಲಿ ಇಟ್ಕೊಂಡು ಹೊರಟೇಬಿಟ್ಲು. ಹೊತ್ತು ಮುಳುಗಿತ್ತು. ಊರಲ್ಲಿ ಒಂದೊಂದೇ ದೀಪ ಹಚ್ತಾ ಇದ್ರು. ಕೆರೆ ಕಡೆ ಕಪ್ಪು.

ದೋಣೀಲಿ ಮೂರು ಜನ. ಮುಂದೆ ಅವಳು, ಪಟೇಲರ ಮನೆ ಲಾಂದ್ರ ಹಿಡ್ಕೊಂಡು. ನಡುವೆ ಭಾವ. ಹಿಂದೆ ನಾನು. ಅವಳ ಗಂಡ, ಊರ ಜನ ಎಲ್ಲಾ ಮೆಟ್ಟಿಲ ಮೇಲೆ. ಆ ರಾತ್ರಿ ಹುಟ್ಟು ಒಂಚೂರೂ ಭಾರ ಇರ್ಲಿಲ್ಲ. ಯಾರೋ ಎಳ್ಕೊಂಡು ಹೋದಂಗೆ ದೋಣಿ ನೆಟ್ಟಗೆ ಹೋಯ್ತು. ಕಪ್ಪೆಗಳು ವಟಗುಡ್ತಾ ಇದ್ವು. ತಾವರೆ ಹತ್ರ ಬಂದ್ವಿ... ಕಪ್ಪೆ ಎಲ್ಲಾ ಒಂದೇ ಸಲ ಕೂಗು ನಿಲ್ಲಿಸಿಬಿಟ್ವು.

ಭಾವ ಬಲಗೈ ಹುಟ್ಟನ್ನ ಎಲೆಗಳ ನಡುವೆ ಇಳಿಸಿದ.

"ದ್ಯಾವಮ್ಮಾ," ಅಂದ. "ಹಿಡ್ಕೋ. ಈ ಸಲ ಬಿಡಲ್ಲ."

ಏನೂ ಇಲ್ಲ... ಲಾಂದ್ರದ ಬತ್ತಿ ಚಿಟಿಚಿಟಿ ಅಂತಿದ್ದದ್ದು ಬಿಟ್ರೆ ಏನೂ ಇಲ್ಲ.

ಆಮೇಲೆ ಹುಟ್ಟು ನಡುಗ್ತು. ಗಾಳಕ್ಕೆ ಮೀನು ಮೊದಲು ಬಾಯಿ ಇಟ್ಟಾಗ ನಡುಗುತ್ತಲ್ಲ, ಹಂಗೆ. ಭಾವ ಎರಡೂ ಕೈ ಹಾಕಿದ. ಒಂದೇ ಜಗ್ಗು! ದೋಣಿ ವಾಲಿತು, ಅಂಚಿನ ಮೇಲಿಂದ ನೀರು ದಬದಬ ಒಳಕ್ಕೆ ಬಂತು. ನಾನು ಅವನ ಸೊಂಟ ತಬ್ಬಿ ಹಿಡಿದೆ.

"ಬಿಡು ಭಾವ! ಮಗುಚ್ತದೆ!"

"ಬಿಡಲ್ಲ."

ಭುಜ ಕಟಕ್ ಅಂತು. ಮೂಳೆ ಜಾರಿದ ಸದ್ದು, ನನ್ನ ಕಿವಿ ಪಕ್ಕದಲ್ಲೇ. ಆದ್ರೂ ಬಿಡ್ಲಿಲ್ಲ. ಮೊಳಕೈ ನೀರಿಗೆ ಹೋಯ್ತು. ಭುಜ ಹೋಯ್ತು. ಮುಖ ಹೋಯ್ತು. ಗುಳ... ಗುಳ... ಅಂತ ಗುಳ್ಳೆ ಮೇಲೆ ಬಂದ್ವು. ನನ್ನ ಕೈ ಸೋಲ್ತಾ ಇತ್ತು.

"ಅಮ್ಮಾ, ಹೇಳಮ್ಮಾ ನೀನು! ನಿಮ್ಮವ್ವನಿಗೆ ಹೇಳು!" ಅಂತ ಕಿರಿಚಿದೆ.

ಮುನಿರತ್ನಮ್ಮ ನೋಡ್ತಾ ಕೂತಿದ್ಲು. ಲಾಂದ್ರ ಅಲ್ಲಾಡ್ತಿರ್ಲಿಲ್ಲ. ಎಷ್ಟು ಹೊತ್ತು ಹಂಗೇ ಕೂತಿದ್ಲೋ ನನಗೆ ಗೊತ್ತಿಲ್ಲ. ಅವಳನ್ನ ತಪ್ಪು ಅನ್ನೋಕೂ ನನಗೆ ಬಾಯಿಲ್ಲ. ಗುಳ್ಳೆ ಕಮ್ಮಿ ಆದ್ವು... ಒಂದೊಂದಾದ್ವು... ಆಗ ಅವಳು ಬಗ್ಗಿ, ಕೈ ಒಂದನ್ನ ನೀರಿಗಿಟ್ಟು, ಮನೇಲಿ ವಯಸ್ಸಾದೋರನ್ನ ಊಟಕ್ಕೆ ಕರೆದಷ್ಟೇ ಮೆತ್ತಗೆ,

"ಅವ್ವಾ... ಸಾಕು. ಬಾ, ಮನೆಗೆ ಹೋಗಾನ," ಅಂದ್ಲು.

ಬಿಗಿ ಬಿಟ್ಟುಹೋಯ್ತು. ನಾನು ಭಾವನ್ನ ಎಳ್ಕೊಂಡು ದೋಣಿ ಒಳಕ್ಕೆ ಬಿದ್ದೆ. ಅವನು ಕೆಮ್ಮಿ ಕೆಮ್ಮಿ ನೀರು ಕಕ್ಕಿದ. ಎದ್ದು ನೋಡ್ತೀನಿ, ಹುಟ್ಟಿನ ಜೊತೆ ದ್ಯಾವಮ್ಮ ಮೇಲೆ ಬಂದಿದ್ಲು. ಮೈ ಹೆಂಗಿತ್ತು ಅಂತ ನಾನು ಹೇಳಲ್ಲ, ನೀವು ಕೇಳಬೇಡಿ. ಎರಡೂ ಕೈ ಹುಟ್ಟನ್ನ ಸುತ್ತಿಕೊಂಡಿದ್ವು. ಮುನಿರತ್ನಮ್ಮ ಒಂದೊಂದೇ ಬೆರಳು ಬಿಡಿಸಿ, ಒಣ ಸೀರೆ ಹೊದಿಸಿದ್ಲು. ಆಗ ಅತ್ಲು. ಆ ಅಳು ಬೆಟ್ಟಕ್ಕೆ ಹೊಡೆದು ತಿರುಗಿ ಬರ್ತಿತ್ತು.

ಪೋಲೀಸರು ಬಂದ್ರು. ಭಾವ ಎಲ್ಲಾ ಒಪ್ಪಿಕೊಂಡ. ವೆಂಕಟರಾಯಪ್ಪ, ಆ ದಿನ ನಾನು ಆ ಕಡೆ ತಲೆ ಹಾಕೇ ಇಲ್ಲ ಅಂದ. ಅವನನ್ನ ಯಾರೂ ಎರಡನೇ ಸಲ ಕೇಳ್ಲಿಲ್ಲ. ಮೂರು ವರ್ಷ ಜೈಲಲ್ಲಿದ್ದು ಬಂದ ಭಾವ. ಆ ಊರಿಗೆ ಹೋಗೋ ಮುಖ ಇಲ್ಲ, ಇಲ್ಲೇ ನಮ್ಮ ಜೊತೆ ಇದ್ದಾನೆ. ಬಲಗೈ ಮೇಲಕ್ಕೆ ಏಳಲ್ಲ. ನೀವು ನೋಡಿದ್ದೀರಲ್ಲ, ದನ ಕಟ್ತಾನೆ, ಹುಲ್ಲು ಹಾಕ್ತಾನೆ, ಬಾವಿಯಿಂದ ಒಂದು ಕೊಡ ನೀರು ಮಾತ್ರ ಸೇದಲ್ಲ. ಅಕ್ಕನೇ ಸೇದಬೇಕು. ಅವಳು ಅವನ ಜೊತೆ ಇದ್ದಾಳೆ, ಅಡಿಗೆ ಮಾಡಿ ಹಾಕ್ತಾಳೆ. ಆ ದಿನದಿಂದ ಅವನ ಜೊತೆ ಮಾತಾಡಿದ್ದು ನಾನು ಕೇಳಿಲ್ಲ.

ಇಷ್ಟೇ ಆಗಿದ್ರೆ, ಹೆದರಿದ ಮನುಷ್ಯನ ಭ್ರಮೆ, ಬೇರಿಗೆ ಸಿಕ್ಕಿದ್ದ ಹೆಣ ಜಗ್ಗಿದಾಗ ಮೇಲೆ ಬಂತು ಅಂತ ನೀವು ಅನ್ನಬಹುದು. ಅನ್ನಿ. ಆದ್ರೆ ಹೆಣ ಮೇಲೆ ಬಂದ ಮಾರನೇ ಬೆಳಗ್ಗೆ ಪಂಚನಾಮೆಗೆ ನಾನೂ ಮೆಟ್ಟಿಲ ಹತ್ರ ಇದ್ದೆ. ದಫೇದಾರ ದ್ಯಾವಮ್ಮನ ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿ ಕಲ್ಲ ಮೇಲೆ ಸುರಿದ. ಅಡಿಕೆ ಊದಿ ಕಪ್ಪಾಗಿತ್ತು. ಹೊಗೆಸೊಪ್ಪು ಕೊಳೆತು ಮುದ್ದೆ. ಅದರ ನಡುವೆ ಎರಡು ವೀಳ್ಯದೆಲೆ. ಹಸಿರು. ತೋಟದಿಂದ ಆಗ ತಾನೇ ಕಿತ್ತಂಗೆ. ಮೇಲಿನ ಎಲೆಗೆ ಸುಣ್ಣ ಹಚ್ಚಿತ್ತು. ಬೆರಳು ಎಳೆದ ಗೆರೆ ಸಮೇತ.

"ಯಾರ್ರೀ ಇದನ್ನ ಈಗ ಇಟ್ಟೋರು?" ಅಂದ ದಫೇದಾರ. ನಾನು ಬಗ್ಗಿ ಮುಟ್ಟಿದೆ. ಸುಣ್ಣ ಆಗಷ್ಟೇ ಹಚ್ಚಿದಂಗೆ ಹಸಿಯಾಗಿತ್ತು. ಬೆರಳಿಗೆ ಹತ್ತಿತು, ಈ ಬೆರಳಿಗೆ. ಅಲ್ಲೇ ಕಲ್ಲಿಗೆ ಒರೆಸಿಕೊಂಡೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಕಾಗದದಲ್ಲಿ "ವೀಳ್ಯದೆಲೆ, ಎರಡು" ಅಂತ ಬರ್ಕೊಂಡ.